ಮಾಸ್ತರರ ಬೆಂಚಿನ ಹಿಂಗಾಲು

ಅಂಗಳಕ್ಕೊಂದು ಬೆಂಚು ಮಾಡಿಕೊಳ್ಳುವುದು ದೊಡ್ಡ ಕೆಲಸವಲ್ಲ. ನಾಲ್ಕು ಕಾಲು, ಅವನ್ನು ಹಿಡಿದಿಡುವ ನಾಲ್ಕು ಅಡ್ಡಪಟ್ಟಿ, ಕೂರಲಿಕ್ಕೆ ಐದು ಹಲಗೆ, ಬೆನ್ನಿಗೆ ಮೂರು. ಕೈ ಗಟ್ಟಿಯಿದ್ದವರು ಯಾರಾದರೂ ನಾಲ್ಕು ಭಾನುವಾರಗಳಲ್ಲಿ ಮಾಡಿ ಮುಗಿಸಬಹುದು. ಈ ಕಸುಬಿಗೆ ಹೊಸದಾಗಿ ಬಂದವರು ನನ್ನ ಹತ್ತಿರ ಬುದ್ಧಿ ಕೇಳಲು ಬಂದರೆ ಇಷ್ಟನ್ನೇ ಹೇಳಿ ಕಳಿಸುತ್ತಿದ್ದೆ. ಅವರು ಖುಷಿಯಾಗಿ ಹೋಗುತ್ತಿದ್ದರು. ಹೇಳಲೇಬೇಕಾದ ಇನ್ನೊಂದು ಸಂಗತಿಯಿತ್ತು, ಅದನ್ನು ಹೇಳುವ ಮುಖ ನನಗಿರಲಿಲ್ಲ. ಈಗ ಬರೆಯುತ್ತಿದ್ದೇನೆ. ಓದಿ ಉಗಿಯುವವರು ಉಗಿಯಲಿ.

ನನ್ನ ಹೆಸರು ಕಾಳಪ್ಪ ಬಡಿಗೇರ. ಊರು ಗಡಹಿಂಗ್ಲಜ ತಾಲೂಕಿನ ನೂಲ. ಅಪ್ಪ ಕೂರಿಗೆ, ಕುಂಟೆ, ಗಾಡಿ ಮಾಡುತ್ತಿದ್ದ. ಟ್ರ್ಯಾಕ್ಟರು ಬಂದ ಮೇಲೆ ಕೂರಿಗೆ ಕೇಳುವವರು ಇಲ್ಲವಾದರು. ಮೀಸೆ ಚಿಗುರುವ ಮೊದಲೇ ನಾನು ಉಳಿ ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಇಚಲಕರಂಜಿಗೆ ಬಂದೆ. ಆಗ ಆ ಊರಲ್ಲಿ ಹಗಲು ರಾತ್ರಿ ಎನ್ನದೆ ಮಗ್ಗ ಬಡಿಯುತ್ತಿದ್ದವು. ಮಗ್ಗಕ್ಕೆ ಬೇಕಾದ ಕಟ್ಟಿಗೆಯ ಸಾಮಾನು ಮಾಡುವ ಒಂದು ಸಣ್ಣ ಕಾರಖಾನೆಯಲ್ಲಿ ಕೆಲಸ ಸಿಕ್ಕಿತು. ಅದರ ಯಜಮಾನ ದತ್ತೋಬಾ ಎಂಬ ಮರಾಠಿ ಮನುಷ್ಯ. ಕನ್ನಡ ಒಂದಕ್ಷರ ಬಾರದು, ಆದರೆ ಕನ್ನಡದ ಬೈಗುಳ ಎಲ್ಲವೂ ಬರುತ್ತಿದ್ದವು.

ದತ್ತೋಬಾ ಕಟ್ಟಿಗೆಯನ್ನು ಮೊದಲು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದ, ಆಮೇಲೆ ಕಿವಿ ಇಡುತ್ತಿದ್ದ, ಎಲ್ಲಕ್ಕಿಂತ ಕೊನೆಗೆ ಕಣ್ಣಿನಿಂದ ನೋಡುತ್ತಿದ್ದ. ಗಂಟಿನಲ್ಲಿ ಎರಡು ಜಾತಿ ಎಂದು ನನಗೆ ಕಲಿಸಿದವನು ಅವನೇ. ಜೀವಂತ ಗಂಟು ಸುತ್ತಲಿನ ಕಟ್ಟಿಗೆಯ ಜೊತೆ ಬೆಳೆದಿರುತ್ತದೆ, ಅದರಿಂದ ಭಯವಿಲ್ಲ. ಸತ್ತ ಗಂಟಿನ ಸುತ್ತ ಕಪ್ಪು ಗೆರೆ ಇರುತ್ತದೆ. ಅದು ಬಾಟಲಿಯ ಬೂಚಿನಂತೆ ಸುಮ್ಮನೆ ಕೂತಿರುತ್ತದೆ, ಇವತ್ತಲ್ಲ ನಾಳೆ ಬಿಡುತ್ತದೆ. ಭಾರ ಹೊರುವ ಜಾಗದಲ್ಲಿ ಸತ್ತ ಗಂಟು ಬಂದರೆ ಆ ಕಟ್ಟಿಗೆಯನ್ನು ಒಲೆಗೆ ಹಾಕು ಎನ್ನುತ್ತಿದ್ದ.

ನಾನು ಅವನಲ್ಲಿ ಸೇರಿದ ಮೊದಲ ವರ್ಷದ ಮಾತು. ಮಗ್ಗದಲ್ಲಿ ಲಾಳಿಯನ್ನು ಈ ಕಡೆಯಿಂದ ಆ ಕಡೆಗೆ ಹೊಡೆಯುವ ಒಂದು ಕೋಲು ಇರುತ್ತದೆ. ಅಂಥದೊಂದು ಕೋಲು ಕೀಸುವಾಗ ಕೂದಲೆಳೆಯಷ್ಟು ಸೀಳು ಕಂಡಿತು. ಇನ್ನೊಂದು ಕೋಲು ಮಾಡುವ ಬೇಸರಕ್ಕೆ ನಾನು ಸೀಳಿನೊಳಗೆ ಕಟ್ಟಿಗೆಯ ಹೊಟ್ಟನ್ನೂ ಅಂಟನ್ನೂ ತುಂಬಿ, ಉಜ್ಜಿ, ಒಳ್ಳೆಯ ಕೋಲುಗಳ ನಡುವೆ ಸೇರಿಸಿಬಿಟ್ಟೆ. ಮೂರನೆಯ ದಿನ ಅದು ನಡುವೆ ಮುರಿದು, ಚೂಪಾದ ಚೂರೊಂದು ಸಂಗಪ್ಪ ಎಂಬ ನೇಕಾರನ ಹುಬ್ಬಿಗೆ ಬಡಿಯಿತು. ದತ್ತೋಬಾ ಮುರಿದ ತುಂಡು ನೋಡಿದ, ಮೂಸಿದ. ನನ್ನ ತೋಳು ಹಿಡಿದು ದರದರ ಎಳೆದುಕೊಂಡು ಹೋಗಿ ಸಂಗಪ್ಪನ ಎದುರು ನಿಲ್ಲಿಸಿದ.

"ಕಾಯ ಕೇಲಂಸ್? ಸಾಂಗ್ ತ್ಯಾಲಾ!" ಎಂದ. ಏನು ಮಾಡಿದೆ, ಅವನಿಗೆ ಹೇಳು ಅಂತ.

ನಾನು ತೊದಲುತ್ತ ಹೇಳಿದೆ. ಸಂಗಪ್ಪ ಹುಬ್ಬಿಗೆ ಅರಿವೆ ಒತ್ತಿಕೊಂಡು ನಿಂತಿದ್ದ. "ಲೇ ಹುಚ್ಚಪ್ಯಾಲಿ, ಇನ್ನೊಂದ ಬೊಟ್ಟ ಕೆಳಗ ಬಡದಿದ್ರ ನನ್ನ ಕಣ್ಣ ಹೋಗ್ತಿತ್ತಲ್ಲಲೇ!" ಎಂದು ಬೈದ. ಬೈದು ಮುಗಿಸಿ, "ಬಾ, ಚಾ ಕುಡಿ" ಅಂದ. ಅಷ್ಟೇ. ಒಂದು ಕಪ್ಪು ಚಹಾದೊಳಗೆ ಆ ತಪ್ಪು ಮುಗಿದುಹೋಯಿತು. ಹಿಂದಿರುಗುವಾಗ ದತ್ತೋಬಾ ಬೆನ್ನಿಗೊಂದು ಗುದ್ದಿ, "ಲಾಕೂಡ ಖೋಟಂ ಬೋಲತ ನ್ಹಾಈ ರೇ, ಸುತಾರ ಬೋಲತೋ" ಅಂದ. ಕಟ್ಟಿಗೆ ಸುಳ್ಳು ಹೇಳುವುದಿಲ್ಲ, ಬಡಿಗ ಹೇಳುತ್ತಾನೆ. ಈ ಮಾತನ್ನು ನಾನು ಮುಂದೆ ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳುವುದಕ್ಕೇನು, ಹೇಳಿದೆ.

ಇನ್ನೊಂದು ಪೇಚಿನ ಪ್ರಸಂಗವನ್ನೂ ಬರೆದುಬಿಡುತ್ತೇನೆ, ಅದು ನಗುವಂಥದು. ಜಯಸಿಂಗಪುರದಲ್ಲಿ ಒಬ್ಬ ಜೈನ ವ್ಯಾಪಾರಿಯ ಮನೆಯ ತೂಗುಮಂಚ ದುರಸ್ತಿಗೆ ಹೋಗಿದ್ದೆ. ಆಗಿನ್ನೂ ನಾವು ಚರ್ಮ ಮೂಳೆ ಕುದಿಸಿ ಮಾಡಿದ ಸರೇಸು ಎಂಬ ಅಂಟನ್ನೇ ಬಳಸುತ್ತಿದ್ದೆವು. ಅದನ್ನು ಬಿಸಿ ಮಾಡದೆ ಹಚ್ಚಲಾಗದು. ಹಿತ್ತಲಲ್ಲಿ ಒಲೆ ಉರಿಯುತ್ತಿತ್ತು. ಯಾರನ್ನೂ ಕೇಳದೆ ನನ್ನ ಡಬ್ಬಿ ಅದರ ಮೇಲಿಟ್ಟೆ. ವಾಸನೆಗೆ ಆ ಮನೆಯ ಅಜ್ಜಿ ಓಡಿ ಬಂದಳು. "ಇದೇನೋ ಕುದಸಾಕತ್ತಿ, ನಿನ್ನ ಬಾಯಾಗ ಮಣ್ಣ ಹಾಕ!" ಎಂದವಳೇ ಸೆರಗು ಮೂಗಿಗೆ ಹಿಡಿದು ಕೂತುಬಿಟ್ಟಳು. ಅವತ್ತು ಆ ಮನೆಯವರು ಒಲೆಯನ್ನೇ ಒಡೆದು ಹೊರಗೆ ಚೆಲ್ಲಿದರು, ಯಾರೂ ಉಣ್ಣಲಿಲ್ಲ. ಮರುದಿನ ನಾನು ಹೊಸ ಒಲೆ ಹಾಕಿಕೊಟ್ಟು ಬಂದೆ. ಮನೆಯವರ ನಡೆ ನುಡಿ ಕೇಳದೆ ಅಂಗಳಕ್ಕೆ ಕಾಲಿಡಬೇಡಿ. ಜೈನರ ರಿವಾಜುಗಳನ್ನು ನಾನು ಹೀಗೆ ಒದೆ ತಿಂದು ಕಲಿತೆ. ಅವರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ ಎಂಬುದನ್ನೂ ಅಲ್ಲೇ ಕಲಿತೆ.

ದತ್ತೋಬಾ ತೀರಿಹೋದ. ಲಾಳಿಯಿಲ್ಲದ ಮಗ್ಗಗಳು ಬಂದವು. ಕಟ್ಟಿಗೆಯ ಸಾಮಾನಿನ ಜಾಗಕ್ಕೆ ಪ್ಲಾಸ್ಟಿಕ್ಕು, ಉಕ್ಕು ಬಂದವು. ನಾನು ಊರ ಹೊರಗೆ ಸ್ವಂತದ ಒಂದು ಶೆಡ್ಡು ಹಾಕಿಕೊಂಡು ಬಾಗಿಲು, ಮಂಚ ಮಾಡತೊಡಗಿದೆ. ಸುತ್ತಲೂ ಬಂಗಲೆಗಳ ಕಾಲನಿಗಳು ಎದ್ದವು. ಬಂಗಲೆ ಎಂದ ಮೇಲೆ ಮುಂದೆ ನಾಲ್ಕು ಗಿಡ, ಗಿಡದ ಕೆಳಗೆ ಕೂರಲೊಂದು ಬೆಂಚು ಬೇಕು. ಕೊನೆಯ ಹದಿನೈದು ವರ್ಷ ನಾನು ಹೆಚ್ಚಾಗಿ ಮಾಡಿದ್ದು ಅಂಗಳದ ಬೆಂಚುಗಳನ್ನೇ.

ಬಯಲಲ್ಲಿಡುವ ಬೆಂಚಿಗೂ ಮನೆಯೊಳಗಿನದಕ್ಕೂ ಅಜಗಜಾಂತರ. ಹಲಗೆಗಳ ನಡುವೆ ಕಿರುಬೆರಳಿನಷ್ಟು ಸಂದು ಬಿಡಬೇಕು, ಇಲ್ಲದಿದ್ದರೆ ಮಳೆನೀರು ನಿಂತು ಕೊಳೆಯುತ್ತದೆ. ಕಾಲುಗಳನ್ನು ಮಣ್ಣಿನ ಮೇಲೆ ಇಡಬಾರದು. ಒಂದೊಂದು ಕಾಲಿನ ಕೆಳಗೆ ಒಂದೊಂದು ಕಲ್ಲು ಹಾಕಿ, ಕಲ್ಲಿನ ಮೇಲ್ಮೈ ಹೊರಕ್ಕೆ ಸ್ವಲ್ಪ ಇಳಿಜಾರಿರಲಿ. ಮೊಳೆಗಿಂತ ಜೋಡಣೆಯನ್ನು ನಂಬಿ: ಕಾಲಿನಲ್ಲಿ ತೂತು ಕೊರೆಯುವುದು, ಪಟ್ಟಿಯ ತುದಿಯನ್ನು ನಾಲಿಗೆಯಂತೆ ಕತ್ತರಿಸಿ ಅದರೊಳಗೆ ಕೂರಿಸುವುದು, ಅಡ್ಡಲಾಗಿ ಕಟ್ಟಿಗೆಯ ಗೂಟ ಬಡಿಯುವುದು. ವರ್ಷಕ್ಕೊಮ್ಮೆ ಅಗಸೆ ಎಣ್ಣೆ ತಿಕ್ಕಿ. ಎಲ್ಲಕ್ಕಿಂತ ಹೆಚ್ಚು ಭಾರ ಬೀಳುವುದು ಹಿಂಗಾಲುಗಳ ಮೇಲೆ. ಜನ ಕೂರುವಾಗ ಧೊಪ್ಪನೆ ಹಿಂದಕ್ಕೆ ಒರಗುತ್ತಾರೆ. ಹಿಂಗಾಲಿಗೆ ನಿಮ್ಮಲ್ಲಿರುವ ಅತಿ ಒಳ್ಳೆಯ ಕಟ್ಟಿಗೆ ಹಾಕಿ.

ಇದೆಲ್ಲ ಬಲ್ಲವನು ನಾನು. ಬಲ್ಲವನಾಗಿಯೇ ಮಾಡಿದೆ.

ಮಗದುಮ್ ಮಾಸ್ತರರು ಸಾಲಿಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಜೈನರು, ನಮ್ಮ ಶೆಡ್ಡಿನಿಂದ ಎರಡು ಗಲ್ಲಿ ಆಚೆ ಮನೆ. ಮಗ ಮಗ್ಗದ ಧಂದೆ ನೋಡುತ್ತಿದ್ದ, ಸೊಸೆ ಸುಜಾತಾ ಮನೆ ನೋಡುತ್ತಿದ್ದಳು. ಒಂದು ದಿನ ಮಾಸ್ತರರು ನೋಟುಬುಕ್ಕು ಹಿಡಿದುಕೊಂಡು ಬಂದರು.

"ಮಿಸ್ತ್ರಿ, ನನಗೊಂದು ಬೆಂಚ ಬೇಕಾಗೇತ್ರಿ."

"ಆತಲ್ರಿ ಗುರುಗಳ, ಎಂಟ ದಿನದಾಗ ಕೊಡ್ತೇನಿ."

"ನೀವು ಮಾಡೂದು ಬ್ಯಾಡ್ರಿ. ನಾ ಮಾಡ್ತೇನಿ. ನೀವು ಕಟ್ಟಿಗಿ ಆರಿಸಿ, ಕೊಯ್ದು, ಕೀಸಿ ಕೊಡ್ರಿ. ಜೋಡಸೂದು ಎಲ್ಲಾ ನನ್ನ ಕೈಲೆ ಆಗಬೇಕು. ಮೊಬೈಲನ್ಯಾಗ ಭಾಳ ನೋಡೇನಿ."

ನನಗೆ ನಗು ಬಂತು. ಮೊಬೈಲಿನಲ್ಲಿ ನೋಡಿ ಬಡಿಗರಾಗುವವರು ಆಗಷ್ಟೇ ಶುರುವಾಗಿದ್ದರು. ಅವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ನಾವು ಉಳಿ ಹಿಡಿದು ಗುಳ್ಳೆ ಎಬ್ಬಿಸಿಕೊಂಡು ಕಲಿತದ್ದನ್ನು ಇವರು ಕುರ್ಚಿಯಲ್ಲಿ ಕೂತು ಕಲಿತುಬಿಟ್ಟರೇ ಎಂಬ ಹೊಟ್ಟೆಕಿಚ್ಚು. ಆದರೆ ಮಾಸ್ತರರು ಬೆಂಚು ಯಾಕೆ ಎಂದು ಹೇಳಿದಾಗ ನಗು ನಿಂತಿತು.

ಅವರ ಹೆಂಡತಿ ಪದ್ಮಕ್ಕನಿಗೆ ಮೊಣಕಾಲು ನೋವು, ನೆಲಕ್ಕೆ ಕೂತು ಏಳಲು ಆಗುತ್ತಿರಲಿಲ್ಲ. ಸಂಜೆಯ ಊಟವನ್ನು ಅವರು ಅಂಗಳದಲ್ಲಿ, ಮುಳುಗುವ ಸೂರ್ಯನನ್ನು ನೋಡುತ್ತಲೇ ಮಾಡಬೇಕು. ಅವರಿಗೆ ಗಡಿಯಾರದ ಮೇಲೆ ವಿಶ್ವಾಸವಿಲ್ಲ. ನಾನೊಮ್ಮೆ ಅಳತೆಗೆ ಹೋದಾಗ ಅವರೇ ಹೇಳಿದರು: "ಇವರ ಗಡಿಯಾರ ಹತ್ತ ಮಿನಿಟ ಮುಂದ ಓಡತೈತ್ರಿ ಮಿಸ್ತ್ರಿ. ಸಾಲಿಗೆ ಹೊತ್ತಾಕ್ಕೈತಿ ಅಂತ ಇಟ್ಟಿದ್ದು, ರಿಟೈರ ಆದ್ರೂ ಹಂಗ ಐತಿ. ಇದನ್ನ ನಂಬಿ ಉಂಡ್ರ ನಾ ದಿನಾ ಅರ್ಧ ಹೊಟ್ಟೀಲೆ ಏಳಬೇಕು." ಮಾಸ್ತರರು ಅದಕ್ಕೆ, "ನಲವತ್ತ ವರ್ಷ ನನ್ನ ಕೂಡ ಕುಂತ ಉಂಡೀಯಲ್ಲ, ಸಾಕಾಗಿಲ್ಲೇನು?" ಎಂದರು. "ಅದಕ್ಕ ಬೆಂಚ ಉದ್ದ ಮಾಡ್ರಿ ಅಂದೇನಿ. ನೀವು ಆ ತುದಿಗೆ ಕುಂಡ್ರಿ" ಎಂದು ಅಕ್ಕ ನಕ್ಕರು. ಬೆಂಚಿನ ಎತ್ತರ ಸಾಮಾನ್ಯಕ್ಕಿಂತ ಎರಡು ಇಂಚು ಹೆಚ್ಚು ಇಟ್ಟೆವು, ಅಕ್ಕನ ಮೊಣಕಾಲಿಗಾಗಿ.

ಕಟ್ಟಿಗೆ ಆರಿಸಲು ಇಬ್ಬರೂ ಅಡ್ಡೆಗೆ ಹೋದೆವು. ನಾನು ಒಂದು ಹಳೆಯ ಸಾಗವಾನಿ ತೊಲೆ ಆರಿಸಿದೆ. ಮಾಸ್ತರರು ಬಗ್ಗಿ ಕನ್ನಡಕ ಸರಿಸಿ ನೋಡಿದರು.

"ಮಿಸ್ತ್ರಿ, ಇಲ್ಲೊಂದು ಕರ್ರಗ ಕಾಣತೈತಲ್ರಿ. ಏನಾರ ಐತೇನು?"

ಅಡ್ಡೆಯ ಹಮಾಲರು, ಮಾಲಕ ಎಲ್ಲ ಸುತ್ತ ನಿಂತಿದ್ದರು. ನನ್ನ ಮುಖಕ್ಕೆ ಹೊಡೆದಂತಾಯಿತು. ನಾನು ಎತ್ತಿದ ಕಟ್ಟಿಗೆಯಲ್ಲಿ ಒಬ್ಬ ಸಾಲಿ ಮಾಸ್ತರ ಹುಳುಕು ಹುಡುಕುವುದೇ!

"ಗುರುಗಳ, ಪಾಠ ನೀವು ಹೇಳ್ರಿ. ಕಟ್ಟಿಗಿ ನಾ ನೋಡ್ತೇನಿ" ಎಂದುಬಿಟ್ಟೆ. ಸುತ್ತಲಿದ್ದವರು ನಕ್ಕರು. ಮಾಸ್ತರರೂ ನಕ್ಕು, "ಹೌದ್ರಿ, ಖರೇ. ನಿಮ್ಮ ಕಣ್ಣಿಗಿಂತ ನಮ್ಮ ಕಣ್ಣ ಹೆಚ್ಚೇನು" ಎಂದರು. ದತ್ತೋಬಾ ಇದ್ದಿದ್ದರೆ ಅಲ್ಲೇ ತಟ್ಟಿ ನೋಡುತ್ತಿದ್ದ. ನಾನು ತಟ್ಟಲಿಲ್ಲ. ತಟ್ಟಿದರೆ ಮಾಸ್ತರರ ಮಾತು ಕೇಳಿದಂತಾಗುತ್ತಿತ್ತು.

ಶೆಡ್ಡಿನಲ್ಲಿ ಕಾಲುಗಳನ್ನು ಕೊಯ್ದು ಕೀಸುವಾಗ ಆ ಕರಿ ಮಚ್ಚೆ ಹೊರಬಿತ್ತು. ಎಡ ಹಿಂಗಾಲಿನಲ್ಲಿ, ಪಟ್ಟಿ ಸೇರುವ ಜಾಗದಿಂದ ಒಂದು ಗೇಣು ಕೆಳಗೆ, ಹೆಬ್ಬೆರಳು ಗಾತ್ರದ ಸತ್ತ ಗಂಟು. ಉಳಿಯ ಹಿಡಿಯಿಂದ ಒಮ್ಮೆ ಕುಟ್ಟಿದೆ. ಕಳಚಿ ನನ್ನ ಅಂಗೈಗೆ ಬಿತ್ತು.

ಮಾಡಬೇಕಾದದ್ದು ಇಷ್ಟೇ: ಆ ಕಾಲನ್ನು ಪಕ್ಕಕ್ಕೆ ಎಸೆದು ಇನ್ನೊಂದು ಕೊಯ್ಯಬೇಕು. ಕಟ್ಟಿಗೆ ಬೇಕಾದಷ್ಟಿತ್ತು. ಆದರೆ ಇನ್ನರ್ಧ ತಾಸಿಗೆ ಮಾಸ್ತರರು ಬರುವವರಿದ್ದರು. ಬಂದು, ಅದೇ ಕಾಲು ಯಾಕೆ ಮೂಲೆಯಲ್ಲಿದೆ ಎಂದು ಕೇಳುತ್ತಾರೆ. ಕೇಳದೆ ಬಿಡುವ ಮನುಷ್ಯ ಅವರಲ್ಲ, ಗಣಿತದವರು. ಆಗ ನಾನು, ನಿಮ್ಮ ಕಣ್ಣೇ ಖರೆ ಆಯಿತು ಎನ್ನಬೇಕು. ಆ ಒಂದು ಮಾತು ಆಡಲು ನಾನು ತಯಾರಿರಲಿಲ್ಲ. ಗಂಟನ್ನು ತಿರುಗಿ ಅದರ ತೂತಿನಲ್ಲೇ ಕೂರಿಸಿ, ಸುತ್ತಲೂ ಹೊಟ್ಟು ಮತ್ತು ಅಂಟು ತುಂಬಿ, ಉಜ್ಜಿ, ಬಣ್ಣ ಕೂಡಿಸಿದೆ. ಆ ಮುಖ ಒಳಗಡೆ ಬರುವಂತೆ ಗುರುತು ಹಾಕಿದೆ. ಸಂಗಪ್ಪನ ಹುಬ್ಬು ನೆನಪಾಗಲಿಲ್ಲವೇ ಎಂದು ಕೇಳಿದರೆ, ಆಯಿತು. ನೆನಪಾದರೂ ಕೈ ನಿಲ್ಲಲಿಲ್ಲ.

ಮಾಸ್ತರರು ನಾಲ್ಕು ಭಾನುವಾರ ನನ್ನ ಶೆಡ್ಡಿಗೆ ಬಂದು ಜೋಡಣೆ ಮಾಡಿದರು. ಹೊಸ ಉಳಿ, ಗರಗಸ, ಕೀಸುವ ರಂಧಾ ಎಲ್ಲ ತಂದಿದ್ದರು. ಮೊದಲ ತೂತಿಗೇ ಒಂದು ಮುಂಜಾನೆ ಹೋಯಿತು. ನಾನು ಚೇಷ್ಟೆ ಮಾಡುತ್ತಿದ್ದೆ, "ಗುರುಗಳ, ಇಷ್ಟೊತ್ತಿಗೆ ಗಿಡಾನ ಬೆಳೀತಿತ್ತಲ್ರಿ" ಅಂತ. ಅವರು ತಲೆ ಎತ್ತದೆ ಕೊರೆಯುತ್ತಿದ್ದರು. ನಿಜ ಹೇಳಬೇಕೆಂದರೆ ಅವರ ಜೋಡಣೆ ನನ್ನದಕ್ಕಿಂತ ಬಿಗಿಯಾಗಿತ್ತು. ಅದನ್ನೂ ನಾನು ಅವರಿಗೆ ಹೇಳಲಿಲ್ಲ.

ಬೆಂಚು ಒಂದು ಮಳೆಗಾಲ ದಾಟಿತು. ಎರಡನೆಯ ಮಳೆಗಾಲದ ಕೊನೆಯಲ್ಲಿ, ಒಂದು ಸಂಜೆ, ಪದ್ಮಕ್ಕ ತಾಟು ಹಿಡಿದು ಬಂದು ಕೂತರು. ಎಡ ಹಿಂಗಾಲು ಲಟಕ್ಕನೆ ಮುರಿಯಿತು. ಅಕ್ಕ ಹಿಮ್ಮುಖವಾಗಿ ಕಲ್ಲಿನ ಮೇಲೆ ಬಿದ್ದರು. ಸೊಂಟದ ಮೂಳೆ ಮುರಿದು ಕೊಲ್ಹಾಪುರದ ದವಾಖಾನೆಗೆ ಸೇರಿಸಿದರು.

ಸುದ್ದಿ ತಿಳಿದು ಮರುದಿನ ಬೆಳಿಗ್ಗೆ ಅವರ ಮನೆಗೆ ಓಡಿದೆ. ಅಕ್ಕನಿಗಾಗಿ ಓಡಿದೆ ಎಂದು ಹೇಳಿದರೆ ನಾಲಿಗೆ ಸೀಳೀತು. ಕಾಲು ನೋಡಲು ಓಡಿದೆ. ಗಂಟಿದ್ದ ಜಾಗದಲ್ಲೇ ಮುರಿದಿತ್ತು. ನೀರು ಒಳಗೆ ಇಳಿದು ಹೊಟ್ಟು ಹಿಟ್ಟಾಗಿತ್ತು. ಬಡಿಗತನ ಬಲ್ಲ ಯಾರೇ ನೋಡಿದರೂ ತಿಳಿಯುತ್ತಿತ್ತು. ಆದರೆ ಆ ಮನೆಯಲ್ಲಿ ಬಲ್ಲವರು ಯಾರಿದ್ದರು? ಮಾಸ್ತರರು ಅದನ್ನು ಮುಟ್ಟಿಯೂ ನೋಡಿರಲಿಲ್ಲ. ಮಗ ಸಿಟ್ಟಿನಿಂದ ಕುದಿಯುತ್ತಿದ್ದ. "ಅಪ್ಪಾ, ಮಿಸ್ತ್ರಿಗೆ ಮಾಡಾಕ ಹಚ್ಚಿದ್ರ ಏನಾಕ್ಕಿತ್ತು? ನಿಮ್ಮ ಖಯಾಲಿಗೆ ಅವ್ವ ಬಿದ್ಲು ನೋಡ್ರಿ" ಎಂದ. ಸುಜಾತಾ ಮಾವನ ಕಡೆ ತಿರುಗಿಯೂ ನೋಡಲಿಲ್ಲ. ಮಾಸ್ತರರು ಕಟ್ಟೆಯ ಮೇಲೆ ಕೂತು ತಮ್ಮ ಎರಡೂ ಅಂಗೈ ನೋಡಿಕೊಳ್ಳುತ್ತಿದ್ದರು.

"ಮಿಸ್ತ್ರಿ, ನನ್ನ ಜಾಯಿಂಟ ಬಿಡ್ತಲ್ರಿ?" ಎಂದು ಕೇಳಿದರು.

ನಾನು ಏನಂದೆ ಗೊತ್ತೇ? "ಆಗತೈತ್ರಿ ಗುರುಗಳ. ಹೊಸಾ ಕೈ" ಅಂದೆ.

ಅಂದು, ಮುರಿದ ಬೆಂಚನ್ನು ಕೈಗಾಡಿಗೆ ಹಾಕಿಕೊಂಡು ಹೊರಟೆ. ಇದನ್ನು ಕಣ್ಣೆದುರು ಇಟ್ಟುಕೊಳ್ಳಬೇಡಿ, ನಾನು ಒಯ್ಯುತ್ತೇನೆ ಎಂದೆ. ಅವರು ನನ್ನನ್ನು ದೊಡ್ಡ ಮನಸ್ಸಿನವನು ಎಂದುಕೊಂಡರು. ಶೆಡ್ಡಿಗೆ ಬಂದು ಗಂಟಿನ ತುಂಡನ್ನು ಮೊದಲು ಸುಟ್ಟೆ. ಉಳಿದದ್ದನ್ನೂ ಒಡೆಯಲು ಹೋದೆ. ಎಡ ಹಿಂಗಾಲಿನ ಮೇಲ್ಭಾಗಕ್ಕೆ ಪಟ್ಟಿ ಸೇರಿದ್ದ ಜೋಡಣೆ ಮಾತ್ರ ಸುತ್ತಿಗೆಯಿಂದ ಬಡಿದರೂ ಬಿಡಲಿಲ್ಲ. ಕೂದಲಷ್ಟೂ ಅಲುಗಲಿಲ್ಲ. ಮಾಸ್ತರರು ಒಂದು ಇಡೀ ಮುಂಜಾನೆ ಕೂತು ಮಾಡಿದ್ದು ಅದು. ಸುಡಲು ಕೈ ಬರದೆ ಅಟ್ಟಕ್ಕೆ ಎಸೆದೆ.

ತಿಂಗಳ ಮೇಲೆ ಮಾಸ್ತರರು ತಮ್ಮ ಹತಾರಗಳ ಚೀಲ ತಂದು ನನ್ನ ಮುಂದಿಟ್ಟರು. "ಈ ಕೈಗೆ ಇವು ಬ್ಯಾಡ್ರಿ. ನಿಮ್ಮ ಉಪಯೋಗಕ್ಕ ಬರ್ತಾವು" ಎಂದರು. ನಾನು ಇಸಿದುಕೊಂಡೆ.

ಪದ್ಮಕ್ಕನನ್ನು ನೋಡಲು ನಾನು ಹೋದದ್ದು ಒಂದೇ ಸಲ. ಒಳಗಿನ ಖೋಲಿಯಲ್ಲಿ ಮಂಚದ ಮೇಲಿದ್ದರು. ಆ ಖೋಲಿಗೆ ಪಡುವಣ ಕಿಟಕಿ ಇಲ್ಲ. ಸುಜಾತಾ ತಾಟು ತಂದಳು. "ಹೊತ್ತ ಐತೇನವಾ ಇನ್ನಾ?" ಎಂದು ಕೇಳಿದರು. "ಐತ್ರಿ ಅತ್ತಿ, ಉಣ್ರಿ" ಎಂದಳು ಅವಳು. ಅಕ್ಕ ಸ್ವಲ್ಪ ಹೊತ್ತು ಗೋಡೆ ನೋಡಿದರು. "ನನಗ ಕಾಣವಲ್ದು. ಸಂಶೆ ಬಂತಂದ್ರ ಉಣಬಾರದು. ಇರ್ಲಿ ಬಿಡು" ಎಂದು ತಾಟು ಸರಿಸಿದರು. ಹೊರಗೆ ಬಂದರೆ ಅಂಗಳದಲ್ಲಿ ಚೆನ್ನಾಗಿ ಬಿಸಿಲಿತ್ತು. ಮತ್ತೆ ಆ ಮನೆಯ ಮೆಟ್ಟಿಲು ಹತ್ತುವ ಧೈರ್ಯ ನನಗಾಗಲಿಲ್ಲ.

ಮಾಸ್ತರರೇ ಬರುತ್ತಿದ್ದರು. ಭಾದ್ರಪದದಲ್ಲಿ ಜೈನರ ಹತ್ತು ದಿನದ ಪರ್ವ ಮುಗಿದ ಮೇಲೆ ಕ್ಷಮಾವಳಿ ಎಂದು ಆಚರಿಸುತ್ತಾರೆ. ತಿಳಿದೋ ತಿಳಿಯದೆಯೋ ಆದ ತಪ್ಪಿಗೆ ಕಂಡವರಲ್ಲೆಲ್ಲ ಕೈಮುಗಿದು ಕ್ಷಮೆ ಕೇಳುತ್ತಾರೆ, ಎದುರಿನವರೂ ಕೇಳುತ್ತಾರೆ. ಪ್ರತಿ ಕ್ಷಮಾವಳಿಗೂ ಮಾಸ್ತರರು ನನ್ನ ಶೆಡ್ಡಿಗೆ ಬಂದು, "ಮಿಸ್ತ್ರಿ, ನಿಮ್ಮ ಛಲೋ ಕಟ್ಟಿಗಿ ನನ್ನ ಕೈಲೆ ಹಾಳಾತು. ಕ್ಷಮಾ ಮಾಡ್ರಿ" ಎನ್ನುತ್ತಿದ್ದರು.

"ಇರ್ಲಿ ಬಿಡ್ರಿ ಗುರುಗಳ. ನಮ್ಮದೂ ಏನರ ತಪ್ಪಾಗಿದ್ರ ಕ್ಷಮಾ ಮಾಡ್ರಿ" ಎನ್ನುತ್ತಿದ್ದೆ ನಾನು. "ಮಾಡೇನ್ರಿ, ಮಾಡೇನಿ" ಎಂದು ಅವರು ಹೋಗುತ್ತಿದ್ದರು.

ಇಲ್ಲಿದೆ ನನ್ನ ನಾಚಿಕೆಯ ಬೇರು. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಏನರ ತಪ್ಪಾಗಿದ್ದರೆ ಎಂದು ಕೇಳಿದ್ದೇನೆ, ಅವರು ಕ್ಷಮಿಸಿದ್ದೇನೆ ಎಂದಿದ್ದಾರೆ, ಅದರಲ್ಲಿ ಗಂಟೂ ಬಂತಲ್ಲ, ಲೆಕ್ಕ ಚುಕ್ತಾ, ಎಂದು ನನಗೆ ನಾನೇ ಹೇಳಿಕೊಂಡೆ. ಅವರ ಪವಿತ್ರ ದಿನವನ್ನು ಹೊಟ್ಟು ಅಂಟಿನಂತೆ ತೂತಿಗೆ ತುಂಬಿದೆ. ಒಂದಲ್ಲ ಎರಡಲ್ಲ, ಎಂಟು ವರ್ಷ.

ಕಣ್ಣಿಗೆ ಪೊರೆ ಬಂದು ಕೆಲಸ ಬಿಟ್ಟು, ಅಟ್ಟದ ಆ ತುಂಡನ್ನೂ ಮಾಸ್ತರರ ಹತಾರಗಳ ಚೀಲವನ್ನೂ ಕಟ್ಟಿಕೊಂಡು ನಾನು ನೂಲಕ್ಕೆ ಬಂದೆ. ಕಳೆದ ಚಳಿಗಾಲದಲ್ಲಿ ಪದ್ಮಕ್ಕ ತೀರಿಕೊಂಡರೆಂದು ಫೋನು ಬಂತು. ಅಂತ್ಯಕ್ರಿಯೆಗೆ ಹೋಗಲಿಲ್ಲ. ನೆಗಡಿ ಜ್ವರ ಎಂದೆ.

ಈ ವರ್ಷದ ಕ್ಷಮಾವಳಿಗೆ ಮುಂಜಾನೆ ಮಾಸ್ತರರ ಫೋನು. ಅದೇ ಮಾತು, ನಿಮ್ಮ ಛಲೋ ಕಟ್ಟಿಗಿ ಹಾಳಾತು ಅಂತ. ನಾನು "ಇರ್ಲಿ ಬಿಡ್ರಿ" ಎನ್ನುವಷ್ಟರಲ್ಲಿ ಅವರೇ ಹೇಳಿದರು: "ವರ್ಷಾ ಮೊದಲ ನಮ್ಮಾಕೀನ ಕೇಳ್ತಿದ್ದೆ, ಆಮ್ಯಾಲ ನಿಮ್ಮನ್ನ. ಈ ಸಲ ನಿಮ್ಮಿಂದನ ಸುರು ಮಾಡೇನ್ರಿ ಮಿಸ್ತ್ರಿ. ಆಕಿ ಇಲ್ಲಲ್ಲ."

ಫೋನು ಹಿಡಿದವನು ಹಿಡಿದೇ ನಿಂತೆ. ಮನೆಯಾಕೆ ಬಂದು, "ಯಾಕ್ರಿ, ಯಾರ ಹೋದ್ರು?" ಎಂದು ಗಾಬರಿಯಾಗಿ ಕೇಳಿದಳು.

ಮರುದಿನ ಮಧ್ಯಾಹ್ನ ಎಸ್.ಟಿ. ಬಸ್ಸು ಹಿಡಿದು, ಗಡಹಿಂಗ್ಲಜದಲ್ಲಿ ಗಾಡಿ ಬದಲಿಸಿ, ಇಚಲಕರಂಜಿಗೆ ಹೋದೆ. ಒಂದು ಕೈಯಲ್ಲಿ ಮಾಸ್ತರರ ಹತಾರಗಳ ಚೀಲ, ಇನ್ನೊಂದರಲ್ಲಿ ಅರಿವೆ ಸುತ್ತಿದ ಆ ಜೋಡಣೆಯ ತುಂಡು. ಮಾಸ್ತರರು ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲಿದ್ದರು. ಪಕ್ಕದಲ್ಲಿ ಖಾಲಿ ಕುರ್ಚಿಯೊಂದಿತ್ತು. ಬೆಂಚಿನ ಕಾಲಿಗೆಂದು ನಾನೇ ಹಾಕಿಸಿದ ನಾಲ್ಕು ಕಲ್ಲುಗಳು ನೆಲದಲ್ಲಿ ಹಾಗೆಯೇ ಇದ್ದವು.

"ಬರ್ರಿ ಬರ್ರಿ, ಕುಂಡ್ರಿ" ಎಂದು ಖಾಲಿ ಕುರ್ಚಿ ಎಳೆದರು. ನಾನು ಕೂರಲಿಲ್ಲ. ನಿಂತೇ ಹೇಳಿದೆ. ಅಡ್ಡೆಯಲ್ಲಿ ಅವರು ಕಂಡ ಕಪ್ಪಿನಿಂದ ಹಿಡಿದು, ಒಲೆಯಲ್ಲಿ ಸುಟ್ಟ ತುಂಡಿನವರೆಗೆ ಎಲ್ಲ. ಸುಜಾತಾ ನೀರು ತಂದವಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

ಮಾಸ್ತರರು ತಮ್ಮ ಎರಡೂ ಅಂಗೈ ನೋಡಿಕೊಂಡರು. ಆಮೇಲೆ ಕೇಳಿದರು, "ಹಂಗಾರ ನನ್ನ ಜಾಯಿಂಟ?"

ಅರಿವೆ ಬಿಚ್ಚಿ ತುಂಡನ್ನು ಅವರ ಕೈಗಿಟ್ಟೆ. ಕಾಲಿನ ತುಂಡನ್ನು ಒಂದು ಕೈಯಲ್ಲಿ, ಪಟ್ಟಿಯ ತುಂಡನ್ನು ಇನ್ನೊಂದರಲ್ಲಿ ಹಿಡಿದು ಎಳೆದರು. ಮೊಣಕಾಲಿಗೆ ಒತ್ತಿ ಜಗ್ಗಿದರು. ಕತ್ತಿನ ನರ ಉಬ್ಬಿದವು.

"ಬಿಡವಲ್ದಲ್ರಿ" ಎಂದರು, ಸಾಲಿ ಹುಡುಗನ ಧ್ವನಿಯಲ್ಲಿ.

"ಇಲ್ರಿ ಗುರುಗಳ. ಅದು ಬಿಡೂದಿಲ್ಲ."

ಸುಜಾತಾ, "ಮಾವಾರ, ನಾವು ಇಷ್ಟ ವರ್ಷ ನಿಮಗ..." ಎಂದವಳು ಮುಂದೆ ಹೇಳಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಳು. ಮಾಸ್ತರರು ಅವಳಿಗೆ ಸುಮ್ಮನಿರು ಎಂಬಂತೆ ಕೈ ಮಾಡಿದರು. ತುಂಡನ್ನು ತೊಡೆಯ ಮೇಲಿಟ್ಟು ನನ್ನನ್ನು ನೋಡಿದರು. ಅವರು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ವರ್ಷಾ ಆಕೀ ಮುಂದ ಕೈ ಮುಗೀತಿದ್ದೆ. ನನ್ನ ಕೈಲೆ ನಿನಗ ಹಿಂಗಾತು ಅಂತಿದ್ದೆ. ಕ್ಷಮಾ ಮಾಡೇನ್ರಿ, ಎಷ್ಟ ಸಲ ಕೇಳ್ತೀರಿ ಅಂತಿದ್ಲು. ನಿಮ್ಮ ತಪ್ಪಿಗಿ ಆಕಿ ನನ್ನ ಕ್ಷಮಾ ಮಾಡಿ ಹೋದ್ಲ್ರಿ ಮಿಸ್ತ್ರಿ. ನಿಮ್ಮದು ಹಂಗ ಉಳೀತು."

"ನೀವರ ಮಾಡ್ರಿ ಗುರುಗಳ" ಎಂದೆ. ಅಳು ಬಂತು, ಮುಚ್ಚಿಕೊಳ್ಳಲಿಲ್ಲ.

"ನನಗ ಮಾಡಿದ್ದಕ್ಕ ನಾ ಮಾಡಬಹುದು, ಇವತ್ತಲ್ಲ ನಾಳೆ. ಆಕೀದು ನನ್ನ ಹತ್ರ ಇಲ್ಲಲ್ರಿ. ಎಲ್ಲಿಂದ ತಂದು ಕೊಡ್ಲಿ?"

ಪಡುವಣದಲ್ಲಿ ಸೂರ್ಯ ಒಂದು ಮೊಳ ಉಳಿದಿದ್ದ. ಸುಜಾತಾ ಒಳಗೆ ಹೋಗಿ ಎರಡು ತಾಟು ತಂದಳು. ಒಂದನ್ನು ಮಾವನ ಕೈಗೆ ಕೊಟ್ಟಳು. ಇನ್ನೊಂದನ್ನು ನನ್ನ ಕಡೆ ನೋಡದೆ ಖಾಲಿ ಕುರ್ಚಿಯ ಮೇಲಿಟ್ಟಳು. "ಉಣ್ರಿ" ಎಂದರು ಮಾಸ್ತರರು. "ಹೊತ್ತ ಮುಳಗತೈತಿ. ಮನಿಗೆ ಬಂದಾವ್ರು ಹಂಗ ಹೋಗಬಾರದು."

ಅದು ಪದ್ಮಕ್ಕನ ಕುರ್ಚಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ತಾಟು ಎತ್ತಿಕೊಂಡು, ಎಡ ಹಿಂಗಾಲಿನ ಕಲ್ಲಿನ ಪಕ್ಕ ನೆಲಕ್ಕೆ ಕೂತು, ಸೂರ್ಯ ಇರುವುದರೊಳಗೆ ಉಂಡು ಮುಗಿಸಿದೆ.